ಕೂತು ದಣಿದ ಕಾಲು

(ಬಾನುಲಿ ಭಾಷಣದ ಪಾಠ)

ಯುಗಾದಿ ಹತ್ತಿರ ಬಂತೆಂದರೆ ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಿಂದ ಶ್ರೀಶೈಲಕ್ಕೆ ನಡೆದು ಹೊರಡುವವರ ಸಾಲು ಇಂದಿಗೂ ಕಾಣುತ್ತದೆ. ನೂರಾರು ಕಿಲೋಮೀಟರು ಬಿಸಿಲಲ್ಲಿ ನಡೆದು, ಮಲ್ಲಯ್ಯನ ದರ್ಶನ ಪಡೆದು ತಿರುಗಿ ಬಂದವರ ಕಾಲುಗಳನ್ನು ತಾವು ನೋಡಿರಬಹುದು. ಅಂಗಾಲಿನಲ್ಲಿ ಬೊಬ್ಬೆ ಎದ್ದಿರುತ್ತದೆ, ಹಿಮ್ಮಡಿ ಬಿರಿದಿರುತ್ತದೆ, ಬೆರಳ ಸಂದಿಯಲ್ಲಿ ಹುಣ್ಣಾಗಿರುತ್ತದೆ. ಅದೇ ಸೀಮೆಯ, ಅದೇ ವಯಸ್ಸಿನ ಇನ್ನೊಬ್ಬರು ಮಗಳ ಬಾಣಂತನಕ್ಕೆಂದೋ ಮೊಮ್ಮಗನ ಮುಖ ನೋಡಲೆಂದೋ ಅಮೇರಿಕೆಗೆ ಹೋಗುತ್ತಾರೆ. ಅವರು ಬಿಸಿಲು ಕಂಡಿಲ್ಲ, ಮುಳ್ಳು ತುಳಿದಿಲ್ಲ. ಮೆತ್ತನೆಯ ಕುರ್ಚಿಯಲ್ಲಿ ಕೂತೇ ಅರ್ಧ ಭೂಮಿಯನ್ನು ದಾಟಿದ್ದಾರೆ. ಆದರೆ ಇಳಿಯುವ ಹೊತ್ತಿಗೆ ಅವರ ಪಾದ ಚಪ್ಪಲಿಯೊಳಗೆ ಹೋಗುವುದಿಲ್ಲ. ಹರಡಿನ ಎಲುಬು ಮುಚ್ಚಿಹೋಗಿರುತ್ತದೆ. ಬೆರಳಿನಿಂದ ಒತ್ತಿದರೆ ನಾದಿದ ಹಿಟ್ಟಿನಲ್ಲಿ ಬೀಳುವಂಥ ಕುಳಿ ಬೀಳುತ್ತದೆ. ನಡೆದವನ ಕಾಲು ಸವೆದಿದೆ, ಕೂತವನ ಕಾಲು ಬಾತಿದೆ. ಈ ವೈಚಿತ್ರ್ಯವನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಕನ್ನಡ ಸಾಹಿತ್ಯ ಕಲಿಸಿದವನು ಕಾಲಿನ ಬಾವಿನ ವಿಚಾರಕ್ಕೆ ಏಕೆ ಬಂದನೆಂದು ಕೆಲವರಿಗೆ ಅನ್ನಿಸೀತು. ನಿವೃತ್ತನಾದ ಮೇಲೆ ನನ್ನ ಗೆಳೆಯರ ಬಳಗದಲ್ಲಿ ಕಾವ್ಯದ ಮಾತಿಗಿಂತ ಕಾಲಿನ ಮಾತೇ ಹೆಚ್ಚಾಗಿದೆ. ಸಂಜೆ ಕಟ್ಟೆಯ ಮೇಲೆ ಕೂಡುವ ಹತ್ತು ಜನರಲ್ಲಿ ಐದಾರು ಜನರ ಮಕ್ಕಳು ಸಮುದ್ರದಾಚೆ ಇದ್ದಾರೆ. ಹಿಂದೆ ಹಾಗೆ ಹೋಗುವವರು ಪುಸ್ತಕ ಬರೆಯುವಷ್ಟು ಅಪರೂಪದವರಾಗಿದ್ದರು. ನಮ್ಮೂರ ಹೆಸರನ್ನೇ ಮನೆತನದ ಹೆಸರಾಗಿ ಹೊತ್ತ ವಿ. ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೊರಟಾಗ ಹಡಗನ್ನೇರಿ ಹೋದರು. ‘ಸಮುದ್ರದಾಚೆಯಿಂದ’ ಎಂಬ ಅವರ ಪ್ರವಾಸಕಥನ ಆ ಪಯಣದ ಫಲ. ಹಡಗಿನಲ್ಲಿ ವಾರಗಟ್ಟಲೆ ಹೋಗಬೇಕಾಗಿತ್ತು ನಿಜ, ಆದರೆ ಬೆಳಿಗ್ಗೆ ಸಂಜೆ ಅಡ್ಡಾಡಲು ಉದ್ದನೆಯ ಅಟ್ಟಣೆ ಇತ್ತು. ವಿಮಾನವು ವಾರಗಳನ್ನು ತಾಸುಗಳಿಗೆ ಇಳಿಸಿತು. ಜೊತೆಗೆ ಅಡ್ಡಾಡುವ ಜಾಗವನ್ನೂ ಇಳಿಸಿಬಿಟ್ಟಿತು.

ತಾಸುಗಳ ಲೆಕ್ಕ ಹಾಕುವಾಗ ನಮ್ಮವರು ವಿಮಾನದ ತಾಸುಗಳನ್ನು ಮಾತ್ರ ಎಣಿಸುತ್ತಾರೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನವೊಂದು, ಮಹಿಳೆಯರೇ ಪೈಲಟ್‌ಗಳಾಗಿ, ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು ಉತ್ತರ ಧ್ರುವಪ್ರದೇಶದ ಮೇಲೆ ಹಾದು, ನಡುವೆ ಎಲ್ಲಿಯೂ ಇಳಿಯದೆ ಬೆಂಗಳೂರು ಮುಟ್ಟಿತು. ಸುಮಾರು ಹದಿನೇಳು ತಾಸಿನ ಹಾರಾಟ. ಅಬ್ಬಾ ಎಂದೆವು. ಆದರೆ ಮೂಡಲಗಿಯ ಮುದುಕಿಯೊಬ್ಬಳ ಪಯಣ ಬೆಂಗಳೂರಿನಲ್ಲಿ ಆರಂಭವಾಗುವುದಿಲ್ಲವಲ್ಲ! ಊರಿನಿಂದ ಬೆಂಗಳೂರಿಗೆ ರಾತ್ರಿಯಿಡೀ ಬಸ್ಸು, ಮುಂದೆ ನಿಲ್ದಾಣದ ಕುರ್ಚಿಯಲ್ಲಿ ಮೂರು ನಾಲ್ಕು ತಾಸು, ದುಬೈಯಲ್ಲೋ ದೋಹಾದಲ್ಲೋ ಫ್ರಾಂಕ್‌ಫರ್ಟಿನಲ್ಲೋ ಇಳಿದು ಮತ್ತೆ ಕುರ್ಚಿ, ಮತ್ತೆ ವಿಮಾನ, ಕೊನೆಗೆ ಅಳಿಯನ ಕಾರಿನಲ್ಲಿ ಇನ್ನೆರಡು ತಾಸು. ಮೂವತ್ತು ತಾಸು ಮೀರುವುದು ವಿಶೇಷವೇನಲ್ಲ. ಹೊಲದಲ್ಲಿ ಕಳೆ ಕೀಳುತ್ತ, ಹಟ್ಟಿಯಿಂದ ಹಿತ್ತಲಿಗೆ ಹಿತ್ತಲಿಂದ ಹೊಲಕ್ಕೆ ಓಡಾಡುತ್ತ ಅರವತ್ತು ವರ್ಷ ಕಳೆದ ಕಾಲು ಒಮ್ಮೆಲೇ ಮೂವತ್ತು ತಾಸು ಜೋತುಬೀಳುತ್ತದೆ. ಕಾಲಿನ ಮಟ್ಟಿಗೆ ಬಸ್ಸಿನ ಕುರ್ಚಿಗೂ ವಿಮಾನದ ಕುರ್ಚಿಗೂ ಭೇದವಿಲ್ಲ.

ಈ ಬಾವು ಹೇಗೆ ಬರುತ್ತದೆಂಬುದನ್ನು ನಮ್ಮ ಕಡೆಯ ರೈತರಿಗೆ ತಿಳಿಸುವುದು ಬಲು ಸುಲಭ. ಘಟಪ್ರಭೆಯ ದಂಡೆಯಲ್ಲಿ ಪಂಪ್‌ಸೆಟ್ಟು ಇಟ್ಟವರಿಗೆ ಫುಟ್‌ವಾಲ್ವು ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ನೀರಿನಲ್ಲಿ ಮುಳುಗಿಸಿದ ಕೊಳವೆಯ ಬುಡದಲ್ಲಿ ಅದು ಇರುತ್ತದೆ. ನೀರು ಮೇಲೆ ಏರುವಾಗ ಬಾಯಿ ತೆರೆಯುತ್ತದೆ, ಕೆಳಗೆ ಇಳಿಯಹೊರಟರೆ ಮುಚ್ಚಿಕೊಳ್ಳುತ್ತದೆ. ನಮ್ಮ ಕಾಲಿನ ರಕ್ತನಾಳಗಳಲ್ಲಿಯೂ ಅಂಥವೇ ಚಿಕ್ಕ ಚಿಕ್ಕ ಕದಗಳಿವೆ. ಹೃದಯವು ರಕ್ತವನ್ನು ಕೆಳಗೆ ಪಾದದವರೆಗೆ ತಳ್ಳಬಲ್ಲುದು; ಆದರೆ ಅದನ್ನು ನಾಲ್ಕು ಅಡಿ ಮೇಲಕ್ಕೆ ಮರಳಿ ತರುವವರು ಯಾರು? ಮೊಣಕಾಲಿನ ಕೆಳಗೆ, ಹಿಂದುಗಡೆ ಇರುವ ದಪ್ಪ ಸ್ನಾಯು. ಕನ್ನಡದಲ್ಲಿ ಅದಕ್ಕೆ ಮೀನಖಂಡ ಎಂಬ ಚೆಲುವಾದ ಹೆಸರಿದೆ. ಹೆಸರಿಟ್ಟವರು ಅದರ ಆಕಾರವನ್ನು ನೋಡಿ ಇಟ್ಟಿರಬೇಕು. ಅದರ ನಡತೆಗೂ ಆ ಹೆಸರು ಒಪ್ಪುತ್ತದೆ. ಮೀನು ಬಾಲ ಆಡಿಸಿದರೇ ಮುಂದೆ ಸಾಗುವುದು. ನಾವು ಹೆಜ್ಜೆ ಇಟ್ಟಾಗಲೆಲ್ಲ ಮೀನಖಂಡ ಬಿಗಿಯುತ್ತದೆ, ಒಳಗಿನ ರಕ್ತನಾಳವನ್ನು ಹಿಂಡುತ್ತದೆ, ರಕ್ತ ಮೇಲೇರುತ್ತದೆ. ಹಿಡಿತ ಸಡಿಲಿದಾಗ ಕದಗಳು ಮುಚ್ಚಿ, ಏರಿದ ರಕ್ತ ಇಳಿಯದಂತೆ ತಡೆಯುತ್ತವೆ. ವೈದ್ಯರು ಮೀನಖಂಡವನ್ನು ಎರಡನೆಯ ಹೃದಯವೆಂದು ಕರೆಯುವುದು ಅತಿಶಯೋಕ್ತಿಯಲ್ಲ. ಅಲುಗಾಡದೆ ನಿಂತವನ ಹರಡಿನ ಬಳಿ ರಕ್ತನಾಳದ ಒತ್ತಡ ಸುಮಾರು 90 ಮಿಲಿಮೀಟರು ಪಾದರಸದಷ್ಟು ಇರುತ್ತದೆ. ಅವನೇ ನಾಲ್ಕು ಹೆಜ್ಜೆ ನಡೆದರೆ ಅದು ಮೂವತ್ತರ ಆಸುಪಾಸಿಗೆ ಇಳಿಯುತ್ತದೆ.

ರಕ್ತನಾಳದ ಈ ಕದಗಳ ಕಥೆಯಲ್ಲಿ ಮಾಸ್ತರಿಕೆ ಮಾಡಿದವನಿಗೆ ಸಂತೋಷ ಕೊಡುವ ಒಂದು ಸಂಗತಿ ಇದೆ. ಇಟಲಿಯ ಪಡುವಾ ನಗರದಲ್ಲಿ ಫ್ಯಾಬ್ರಿಶಿಯಸ್ ಎಂಬ ಪ್ರಾಧ್ಯಾಪಕನು ಅವನ್ನು ಕುರಿತು 1603ರಲ್ಲಿ ಗ್ರಂಥ ಪ್ರಕಟಿಸಿದನು. ಕದಗಳು ಇರುವುದನ್ನು ಆತ ಕಂಡಿದ್ದ. ಅವು ರಕ್ತವನ್ನು ಹೃದಯದ ದಿಕ್ಕಿಗೆ ಮಾತ್ರ ಬಿಡುತ್ತವೆಂಬುದು ಆತನಿಗೆ ಹೊಳೆದಿರಲಿಲ್ಲ. ಆತನ ಬಳಿ ಕಲಿತುಹೋದ ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ರಕ್ತ ಪರಿಚಲನೆಯನ್ನು ವಿವರಿಸಿದಾಗ ಗುರುವಿನ ಕದಗಳಿಗೆ ಅರ್ಥ ಬಂತು.

ಇರಲಿ. ಪಂಪ್‌ಸೆಟ್ಟು ನಿಂತರೆ ಏನಾಗುತ್ತದೆ? ಕೂತವನ ಮೀನಖಂಡ ಸುಮ್ಮನಿರುತ್ತದೆ. ರಕ್ತ ಕೆಳಗೆ ಬರುತ್ತಲೇ ಇರುತ್ತದೆ, ಮೇಲೇರುವುದು ಮಂದವಾಗುತ್ತದೆ. ತುಂಬಿದ ಸಣ್ಣ ನಾಳಗಳ ಗೋಡೆಯಿಂದ ನೀರಿನಂಶ ಸುತ್ತಲಿನ ಮಾಂಸಕ್ಕೆ ಒಸರುತ್ತದೆ. ಕಾಲುವೆಯಲ್ಲಿ ನೀರು ಬಹುದಿನ ನಿಂತರೆ ಬದಿಯ ಹೊಲ ಜವುಳು ಹಿಡಿಯುವುದಿಲ್ಲವೇ, ಹಾಗೆ. ಕಾಲು, ಕಾಲುವೆ ಎಂಬ ಪದಗಳು ಕಿವಿಗೆ ಅಕ್ಕತಂಗಿಯರಂತೆ ಕೇಳಿಸುತ್ತವೆ; ಅವುಗಳ ಬೇನೆಯೂ ಒಂದೇ. ವಯಸ್ಸಾದವರಲ್ಲಿ, ಬಹುಕಾಲ ನಿಂತು ದುಡಿದವರಲ್ಲಿ ಈ ಕದಗಳು ಸವೆದಿರುವುದುಂಟು. 1887ರಿಂದ ನಡೆದು ಬಂದ ಗೋಕಾಕ ಫಾಲ್ಸಿನ ನೂಲಿನ ಗಿರಣಿಯಲ್ಲಿ ತಲೆಮಾರುಗಟ್ಟಲೆ ಜನ ಯಂತ್ರದ ಮುಂದೆ ನಿಂತೇ ದುಡಿದಿದ್ದಾರೆ. ಕಂಡಕ್ಟರರೂ ಹಜಾಮರೂ ಕಪ್ಪುಹಲಗೆಯ ಮುಂದಿನ ನಮ್ಮಂಥವರೂ ಅದೇ ಪಂಗಡದವರು. ಮೊಣಕಾಲಿನ ಹಿಂದೆ ನೀಲಿ ನರಗಳು ಹಂಬಿನಂತೆ ಉಬ್ಬಿ ಹೊರಳಾಡುವುದು ಫುಟ್‌ವಾಲ್ವು ಕೆಟ್ಟ ಗುರುತು. ಅಂಥವರಿಗೆ ವಿಮಾನದ ಕುರ್ಚಿ ಇನ್ನಷ್ಟು ಕಷ್ಟ ಕೊಡುತ್ತದೆ.

ನಮ್ಮವರಲ್ಲಿ ಹಲವರು ಈ ಬಾವಿಗೆ ಆಕಾಶವನ್ನು ದೂರುತ್ತಾರೆ. ಮೂವತ್ತೈದು ಸಾವಿರ ಅಡಿ ಮೇಲೆ ಹೋದರೆ ಮೈ ಉಬ್ಬದೆ ಇದ್ದೀತೇ ಎಂದು ಗೆಳೆಯರೊಬ್ಬರು ವಾದಿಸಿದರು. ವಿಮಾನದ ಒಳಗಿನ ಗಾಳಿಯನ್ನು ಒತ್ತಿ ತುಂಬಿರುತ್ತಾರೆ. ಒಳಗೆ ಕೂತವನ ಪಾಲಿಗೆ ಅದು ಹೆಚ್ಚೆಂದರೆ 2400 ಮೀಟರು ಎತ್ತರದ ಬೆಟ್ಟವಿದ್ದಂತೆ. ಎಂದರೆ ಊಟಿಗಿಂತ ತುಸು ಮೇಲೆ. ಊಟಿಗೆ ಹೋಗಿ ಅಡ್ಡಾಡಿ ಬಂದವರ ಕಾಲು ಬಾತ ಸುದ್ದಿಯನ್ನು ನಾನು ಕೇಳಿಲ್ಲ. ಗಾಳಿ ಬಹಳ ಒಣಗಿರುತ್ತದೆ ನಿಜ, ತುಟಿ ಒಡೆಯುತ್ತದೆ, ಗಂಟಲು ಆರುತ್ತದೆ. ಆದರೆ ಕಾಲಿನ ಬಾವಿಗೆ ಮೂಲ ಆಕಾಶದಲ್ಲಿಲ್ಲ, ಕುರ್ಚಿಯಲ್ಲಿದೆ.

ಇದಕ್ಕೆ ಬಲವಾದ ಸಾಕ್ಷಿ ಸಿಕ್ಕಿದ್ದು ನೆಲದ ಕೆಳಗೆ. 1940ರಲ್ಲಿ ಜರ್ಮನರ ವಿಮಾನಗಳು ಲಂಡನ್ನಿನ ಮೇಲೆ ಬಾಂಬು ಸುರಿಸುತ್ತಿದ್ದಾಗ ಜನರು ರಾತ್ರಿಯಿಡೀ ಆಶ್ರಯತಾಣಗಳಲ್ಲಿ ಮಡಚು ಕುರ್ಚಿಗಳ ಮೇಲೆ ಕೂತು ಕಳೆಯುತ್ತಿದ್ದರು. ಬಾಂಬಿನಿಂದ ಬದುಕಿ ಉಳಿದವರಲ್ಲಿ ಕೆಲವರು ಬೆಳಗಾಗುವಾಗ ಎದ್ದು ನಿಂತವರು ಕುಸಿದು ಸಾಯತೊಡಗಿದರು. ಕೀತ್ ಸಿಂಪ್ಸನ್ ಎಂಬ ವೈದ್ಯರು ಶವಪರೀಕ್ಷೆ ಮಾಡಿ ಕಾರಣವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಕುರ್ಚಿಯ ಮುಂದಿನ ಅಡ್ಡಪಟ್ಟಿ ತೊಡೆಯ ಹಿಂಭಾಗವನ್ನು ಒತ್ತಿ, ಕಾಲಿನ ಆಳದ ನಾಳದಲ್ಲಿ ರಕ್ತ ನಿಂತು ಹೆಪ್ಪುಗಟ್ಟಿತ್ತು; ಎದ್ದಾಗ ಆ ಹೆಪ್ಪು ಕಿತ್ತು ಮೇಲೇರಿ ಶ್ವಾಸಕೋಶದ ನಾಳವನ್ನು ಮುಚ್ಚಿತ್ತು. 1954ರಲ್ಲಿ ಅಮೇರಿಕೆಯ ಶಸ್ತ್ರವೈದ್ಯ ಜಾನ್ ಹೋಮನ್ಸ್, ವಿಮಾನದಲ್ಲಿ, ಕಾರಿನಲ್ಲಿ, ಅಷ್ಟೇಕೆ ನಾಟಕಶಾಲೆಯಲ್ಲಿ ಬಹಳ ಹೊತ್ತು ಕೂತವರಲ್ಲಿಯೂ ಇದೇ ಹೆಪ್ಪನ್ನು ಕಂಡುದಾಗಿ ಬರೆದರು. ನಾಟಕಶಾಲೆಯ ಮಾತು ಬಂದಾಗ ನನಗೆ ಕುಲಗೋಡ ತಮ್ಮಣ್ಣನ ಪಾರಿಜಾತದ ನೆನಪಾಯಿತು. ಬೆಳತನಕ ಆಟ ನೋಡಿದ ನಮ್ಮ ಹಿರಿಯರು ಕುರ್ಚಿಗೆ ಅಂಟಿದವರಲ್ಲ. ಚಾಪೆಯ ಮೇಲೆ ಒಂದು ಮಗ್ಗುಲು, ಕಂಬಳಿಯ ಮೇಲೆ ಇನ್ನೊಂದು ಮಗ್ಗುಲು. ನಡುವೆ ಎದ್ದು ಚಹ, ಎದ್ದು ಎಲೆಯಡಿಕೆ, ಗೊಲ್ಲತಿಯ ಪ್ರವೇಶಕ್ಕೆ ಮತ್ತೆ ಹಾಜರು. ಅವರಿಗೆ ತಿಳಿಯದೆಯೇ ಅವರ ಮೀನಖಂಡಗಳು ರಾತ್ರಿಯಿಡೀ ದುಡಿಯುತ್ತಿದ್ದವು.

ಈಗ, ನಾನು ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವಾದ ಸಂಗತಿಯನ್ನು ಹೇಳುತ್ತೇನೆ. ನಮ್ಮ ಬಂಧುಗಳಲ್ಲಿ ಮೂಡಲಗಿಯ ಕಡೆಯ ಒಬ್ಬ ವೈನಿಯವರಿದ್ದಾರೆ. ಅರವತ್ತು ದಾಟಿದವರು, ಗಟ್ಟಿ ಜೀವ. ಕೆಲವು ವರ್ಷಗಳ ಹಿಂದೆ ಮಗಳ ಬಾಣಂತನಕ್ಕೆ ಒಬ್ಬರೇ ಅಮೇರಿಕೆಗೆ ಹೋದರು. ಕಿಟಕಿಯ ಪಕ್ಕದ ಕುರ್ಚಿ. ಆಕಾಶ ಕಾಣಲಿ ಎಂದು ಮಗ ಪ್ರೀತಿಯಿಂದ ಆರಿಸಿ ಕೊಟ್ಟದ್ದು. ಅವರ ಪಕ್ಕದಲ್ಲಿ ಇಬ್ಬರು ಗಂಡಸರು. ಮುಂದಿನದು ಅವರ ಬಾಯಿಂದಲೇ ಬರಲಿ: “ಅವರಿಬ್ರೂ ನಿದ್ದಿ ಹೊಡ್ಯಾಕತ್ತಿದ್ರು, ತಮ್ಮಾ. ಗಂಡಸರ ಮೊಣಕಾಲ ದಾಟಿ ಹೆಂಗ ಹೋಗ್ಲಿ? ನೀರ ಕುಡದ್ರ ಏಳಬೇಕಾಕೈತಿ ಅಂತ ನೀರೂ ಕುಡೀಲಿಲ್ಲ.” ಹದಿನಾಲ್ಕು ತಾಸಿನಲ್ಲಿ ಅವರು ಎದ್ದದ್ದು ಒಮ್ಮೆ. ಕುಳ್ಳಗಿನ ಮೈಕಟ್ಟಾದ್ದರಿಂದ ಪಾದ ನೆಲಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ. ಕುರ್ಚಿಯ ಅಂಚು ತೊಡೆಯ ಹಿಂಬದಿಯನ್ನು ಒತ್ತುತ್ತಲೇ ಇತ್ತು. ಲಂಡನ್ನಿನ ಮಡಚು ಕುರ್ಚಿಯ ಅಡ್ಡಪಟ್ಟಿ ಎಂಬತ್ತು ವರ್ಷದ ಮೇಲೆ ನಮ್ಮ ವೈನಿಯವರ ತೊಡೆಯ ಕೆಳಗೆ ಬಂದು ಕೂತಿತ್ತು.

ಇಳಿದಾಗ ಎರಡೂ ಕಾಲು ಬಾತಿದ್ದವು. ಎರಡನೆಯ ದಿನ ಎಡಗಾಲು ಇಳಿಯಿತು, ಬಲಗಾಲು ಇಳಿಯಲಿಲ್ಲ. ಮೀನಖಂಡದಲ್ಲಿ ಹಿಡಿದುಕೊಂಡಂಥ ನೋವು, ಮುಟ್ಟಿದರೆ ಬಿಸಿ. ಮಗಳಿಗೆ ಹೇಳಲಿಲ್ಲ. ಹೆರಿಗೆಗೆ ಹತ್ತಿರವಾದ ಹುಡುಗಿಯ ಮನಸ್ಸಿಗೆ ಏಕೆ ಕಳವಳ ಎಂಬುದು ಒಂದು ಕಾರಣ. ಅಮೇರಿಕೆಯಲ್ಲಿ ಆಸ್ಪತ್ರೆಯ ಬಾಗಿಲು ತುಳಿದರೆ ಅಳಿಯನ ಕಿಸೆ ಬರಿದಾದೀತು ಎಂಬುದು ಇನ್ನೊಂದು. ಬಿಸಿನೀರಿನ ಕಾವು ಕೊಟ್ಟುಕೊಂಡು, ಸೀರೆಯ ನೆರಿಗೆ ಇಳಿಬಿಟ್ಟುಕೊಂಡು ನಾಲ್ಕು ದಿನ ಕಳೆದರು. ಐದನೆಯ ದಿನ ಅವರು ಕುಂಟುವುದನ್ನು ಅಳಿಯ ನೋಡಿದ. ಆಸ್ಪತ್ರೆಯಲ್ಲಿ ಕಾಲಿಗೆ ಸ್ಕ್ಯಾನು ಮಾಡಿದಾಗ ಆಳದ ನಾಳದಲ್ಲಿ ಹೆಪ್ಪು ಕಂಡಿತು. ಅದು ಮೇಲೇರುವ ಮುನ್ನ ಔಷಧ ಸಿಕ್ಕಿತು, ಮೂರು ತಿಂಗಳು ರಕ್ತ ತಿಳಿಯಾಗಿಸುವ ಗುಳಿಗೆ ನುಂಗಿದರು, ಮೊಮ್ಮಗಳ ಬಾಣಂತನ ಮುಗಿಸಿಯೇ ಊರಿಗೆ ಬಂದರು. ಹೊರಡುವ ಮೊದಲು ಮಗ ಪ್ರವಾಸದ ವಿಮೆ ಮಾಡಿಸಿದ್ದನಂತೆ. ಅಂಥದೊಂದು ಇದೆ ಎಂಬುದನ್ನು ತಾಯಿಗೆ ಯಾರೂ ತಿಳಿಸಿ ಹೇಳಿರಲಿಲ್ಲ.

ಹೆದರಿಸಲು ಇದನ್ನು ಹೇಳುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ನಾಲ್ಕು ತಾಸಿಗೆ ಮೀರಿದ ಪ್ರಯಾಣದಲ್ಲಿ ಹೆಪ್ಪುಗಟ್ಟುವ ಸಂಭವ ಸುಮಾರು ಎರಡು ಪಟ್ಟಾಗುತ್ತದೆ. ಹಾಗೆ ಎರಡು ಪಟ್ಟಾದರೂ ಆರೋಗ್ಯವಂತರಲ್ಲಿ ಅದು ಸುಮಾರು 6000 ಜನರಲ್ಲಿ ಒಬ್ಬರಿಗೆ. ವಿಮಾನದಲ್ಲಿ ಬಾತ ಕಾಲುಗಳಲ್ಲಿ ಬಹುಪಾಲು ಒಂದೆರಡು ದಿನದಲ್ಲಿ ತಾವಾಗಿಯೇ ಇಳಿಯುವಂಥವು. ಆದರೆ ಆ ಸಂಶೋಧನೆಯಲ್ಲಿ ನನ್ನ ಕಣ್ಣಿಗೆ ಬಿದ್ದ ಇನ್ನೊಂದು ಮಾತಿದೆ: 1.60 ಮೀಟರಿಗಿಂತ ಕುಳ್ಳಗಿನವರಿಗೂ 1.90 ಮೀಟರಿಗಿಂತ ಎತ್ತರದವರಿಗೂ ಅಪಾಯ ಹೆಚ್ಚು. 1.60 ಮೀಟರು ಎಂದರೆ ಐದು ಅಡಿ ಮೂರು ಅಂಗುಲ. ನಮ್ಮ ಮನೆಗಳ ಅವ್ವಂದಿರಲ್ಲಿ ಬಹುಮಂದಿ ಆ ಗೆರೆಯ ಕೆಳಗಿನವರೇ. ಆ ಕುರ್ಚಿಯನ್ನು ಮಾಡಿದವನು ಅವರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಲಿಲ್ಲವೆಂಬುದು ಸ್ಪಷ್ಟ.

ಹಾಗಾದರೆ ಮಾಡಬೇಕಾದ್ದೇನು? ಮೊದಲನೆಯದಾಗಿ ಟಿಕೇಟು ತೆಗೆಯುವ ಮಕ್ಕಳಿಗೆ ಒಂದು ಮಾತು. ಅವ್ವನಿಗೆ ಆಕಾಶ ತೋರಿಸುವ ಹಂಬಲ ಬೇಡ. ನಡುವಣ ಓಣಿಗೆ ಹತ್ತಿದ ಕುರ್ಚಿಯನ್ನು ಕೊಡಿಸಿರಿ. ಯಾರನ್ನೂ ಎಬ್ಬಿಸದೆ ಏಳಬಹುದು ಎಂಬ ಧೈರ್ಯವಿದ್ದರೆ ನಮ್ಮ ಹೆಣ್ಣುಮಕ್ಕಳು ನೀರು ಕುಡಿಯುತ್ತಾರೆ. ನೀರು ಕುಡಿದರೆ ಏಳುತ್ತಾರೆ. ಎದ್ದರೆ ಮೀನಖಂಡ ನಡೆಯುತ್ತದೆ. ನಾನು ಪ್ರಯಾಣ ಮಾಡುವಾಗ ಕಾಲೇಜಿನ ಹಳೆಯ ರೂಢಿಯನ್ನೇ ಇಟ್ಟುಕೊಂಡಿದ್ದೇನೆ. ಒಂದು ಪಿರಿಯಡ್ಡು ಮುಗಿಯಿತೆಂದು ಮನಸ್ಸಿನ ಗಂಟೆ ಬಾರಿಸಿದೊಡನೆ ಏಳುವುದು, ವಿಮಾನದ ಹಿಂದಿನ ತುದಿಯವರೆಗೆ ಹೋಗಿ ಬರುವುದು. ಏಳಲು ಆಗದಾಗ ಕೂತಲ್ಲೇ ಹಿಮ್ಮಡಿ ಊರಿ ಬೆರಳೆತ್ತುವುದು, ಬೆರಳೂರಿ ಹಿಮ್ಮಡಿ ಎತ್ತುವುದು, ಹೊಲಿಗೆಯ ಯಂತ್ರ ತುಳಿದಂತೆ. ಪಕ್ಕದವರು ನೋಡಿ ನಕ್ಕರೆ ನಗಲಿ. ಕುಳ್ಳಗಿನವರು ಕೈಚೀಲವನ್ನೋ ಮಡಚಿದ ಕಂಬಳಿಯನ್ನೋ ಪಾದದ ಕೆಳಗೆ ಇಟ್ಟುಕೊಂಡರೆ ತೊಡೆಯ ಮೇಲಿನ ಒತ್ತು ಕಡಿಮೆಯಾಗುತ್ತದೆ. ಆದರೆ ಕಾಲು ಚಾಚುವ ಜಾಗವನ್ನೇ ತುಂಬುವಷ್ಟು ಗಂಟುಮೂಟೆ ಬೇಡ.

ಗಾಲಿಕುರ್ಚಿಯ ವಿಷಯವನ್ನು ಸ್ವಲ್ಪ ನಿಂತು ಹೇಳಬೇಕಾಗಿದೆ. ದೊಡ್ಡ ನಿಲ್ದಾಣಗಳಲ್ಲಿ ಭಾರತದ ವಿಮಾನ ಬಂದಿಳಿದಾಗ ಗಾಲಿಕುರ್ಚಿಗಳ ಮೆರವಣಿಗೆಯೇ ಹೊರಡುತ್ತದೆ. ಅವುಗಳಲ್ಲಿ ಕೂತವರೆಲ್ಲ ನಡೆಯಲಾರದವರಲ್ಲ. ಊರಲ್ಲಿ ಎರಡು ಮೈಲಿ ನಡೆದು ಸಂತೆಗೆ ಹೋಗುವ ತಂದೆತಾಯಿಗಳಿಗೆ ಮಕ್ಕಳು ಗಾಲಿಕುರ್ಚಿ ಬರೆಸಿರುತ್ತಾರೆ. ಇಂಗ್ಲಿಷು ಬಾರದು, ಬಾಗಿಲು ತಪ್ಪೀತು, ಪಾಸ್‌ಪೋರ್ಟು ನೋಡುವವನು ಏನಾದರೂ ಕೇಳಿಯಾನು ಎಂಬ ಭಯ. ಕುರ್ಚಿ ತಳ್ಳುವ ಪುಣ್ಯಾತ್ಮ ದಾರಿ ತೋರಿಸುತ್ತಾನೆ. ಎಂದರೆ ಗಾಲಿಕುರ್ಚಿ ಬೇಕಾದದ್ದು ಕಾಲಿಗಲ್ಲ, ನಾಲಗೆಗೆ. ಈ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ; ಭಾಷೆ ಬಾರದ ಊರಿನಲ್ಲಿ ಒಂಟಿಯಾಗುವುದು ಏನೆಂದು ಭಾಷೆಯ ಮಾಸ್ತರನಿಗೆ ಗೊತ್ತು. ಆದರೆ ಎರಡು ವಿಮಾನಗಳ ನಡುವೆ ಸಿಗುವ ಆ ಅರ್ಧ ಮೈಲಿಯ ನಡಿಗೆಯೇ ಇಡೀ ಪಯಣದಲ್ಲಿ ಕಾಲಿಗೆ ದೊರೆಯುವ ಒಳ್ಳೆಯ ಮದ್ದು. ಅದೇ ಊರಿಗೆ ಹೊರಟ ಕನ್ನಡದವರನ್ನೋ ಮರಾಠಿ ಮಾತಾಡುವವರನ್ನೋ ಜೊತೆ ಮಾಡಿಕೊಟ್ಟರೆ, ಕೇಳಬೇಕಾದ ನಾಲ್ಕು ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಬರೆದ ಚೀಟಿಯನ್ನು ಕೈಗೆ ಕೊಟ್ಟರೆ, ನಡೆಯಬಲ್ಲವರು ನಡೆದೇ ಹೋಗಬಹುದು. ನಿಜವಾಗಿ ನಡೆಯಲಾರದವರ ಮಾತು ಬೇರೆ.

ಕಂಪ್ರೆಷನ್ ಕಾಲುಚೀಲಗಳೆಂಬ ಬಿಗಿಯಾದ ಕಾಲುಚೀಲಗಳು ಔಷಧದ ಅಂಗಡಿಗಳಲ್ಲಿ ಸಿಗುತ್ತವೆ. ಹರಡಿನ ಬಳಿ ಹೆಚ್ಚು ಬಿಗಿ, ಮೇಲೇರಿದಂತೆ ಸಡಿಲ. ಮೊಣಕಾಲಿನ ಕೆಳಗೆ ನಿಲ್ಲುವಂಥವು ಸಾಕು. ಇವು ಬರಿಯ ವ್ಯಾಪಾರದ ಮಾತೋ ಎಂಬ ಸಂಶಯ ನನಗೂ ಇತ್ತು. ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಸಮೀಕ್ಷಾ ಬಳಗವು ಎರಡೂವರೆ ಸಾವಿರಕ್ಕೂ ಹೆಚ್ಚು ವಿಮಾನ ಪ್ರಯಾಣಿಕರ ಮೇಲಿನ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು. ನೋವಿಲ್ಲದೆ ಒಳಗೇ ಹೆಪ್ಪುಗಟ್ಟಿದ್ದ 50 ಜನರಲ್ಲಿ 47 ಜನ ಆ ಕಾಲುಚೀಲ ತೊಡದವರು, ತೊಟ್ಟವರು ಮೂವರು ಮಾತ್ರ. ಬಾವು ಕೂಡ ತೊಟ್ಟವರಲ್ಲಿ ಕಡಿಮೆ. ತೊಡುವುದು ಮಾತ್ರ ಒಂದು ಮಲ್ಲಯುದ್ಧ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುಂಚೆ, ಕಾಲು ಇನ್ನೂ ತೆಳುವಾಗಿರುವಾಗ ಏರಿಸಬೇಕು. ಸುರುಳಿಯಾಗಿ ಸರಿದು ಮೊಣಕಾಲ ಕೆಳಗೆ ಕಟ್ಟಿದ ಹಗ್ಗದಂತೆ ಆಗಬಾರದು. ಹಳೆಯ ಸಕ್ಕರೆ ಕಾಯಿಲೆಯವರು, ಬೀಡಿ ಸಿಗರೇಟು ಸೇದಿ ಕಾಲಿನ ರಕ್ತದ ಹರಿವು ಕುಗ್ಗಿದವರು ವೈದ್ಯರನ್ನು ಕೇಳದೆ ಅದನ್ನು ತೊಡಬಾರದು. ಸಕ್ಕರೆ ಕಾಯಿಲೆಯವರಿಗೆ ಪಾದದ ಸ್ಪರ್ಶ ಮಂದವಾಗಿರುವುದರಿಂದ ಬೂಟು ಒತ್ತಿ ಹುಣ್ಣಾದರೂ ತಿಳಿಯುವುದಿಲ್ಲ. ಅವರಿಗೆ, ವಾಸ್ತವವಾಗಿ ಎಲ್ಲರಿಗೂ, ಪಟ್ಟಿ ಸಡಿಲಿಸಬಹುದಾದ ಹಳೆಯ ಚಪ್ಪಲಿಯೇ ಲೇಸು. ಅಮೇರಿಕೆಗೆಂದು ಕೊಂಡ ಹೊಸ ಬೂಟು ಪೆಟ್ಟಿಗೆಯಲ್ಲಿರಲಿ.

ನಮ್ಮ ಕಡೆಯವರ ಬುತ್ತಿಯ ಮಾತನ್ನೂ ಹೇಳಬೇಕು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ, ಉಪ್ಪಿನಕಾಯಿ ಇಲ್ಲದೆ ನಮಗೆ ಊರು ಬಿಡಲು ಬಾರದು. ಉಪ್ಪು ಮೈಯಲ್ಲಿ ನೀರನ್ನು ಹಿಡಿದಿಡುತ್ತದೆ. ಜವುಳು ಭೂಮಿಗೆ ಸವುಳು ಕೂಡಿದ ಹಾಗೆ. ವಿಮಾನದವರು ಕೊಡುವ ಊಟದಲ್ಲಿಯೂ ಉಪ್ಪು ಕಡಿಮೆಯೇನಲ್ಲ. ಹಿಂಡಿಯ ಡಬ್ಬಿ ಮಗಳ ಮನೆ ಸೇರಲಿ, ದಾರಿಯಲ್ಲಿ ತೆರೆಯುವುದು ಬೇಡ. ಗೋಕಾಕದ ಕರದಂಟಿಗೆ ಈ ನಿರ್ಬಂಧವಿಲ್ಲ ಎನ್ನಬಹುದಾದರೂ ಸಕ್ಕರೆ ಕಾಯಿಲೆಯವರು ನನ್ನ ಮಾತನ್ನು ಆಧಾರವಾಗಿ ಹಿಡಿಯಬಾರದು.

ಗುಳಿಗೆಗಳ ವಿಷಯ ಸಂಕ್ಷೇಪವಾಗಿ. ರಕ್ತದೊತ್ತಡಕ್ಕೆ ಬಹುಜನ ನುಂಗುವ ಅಮ್ಲೋಡಿಪಿನ್ ಕೆಲವರಲ್ಲಿ ತಾನೇ ಹರಡನ್ನು ಬಾಯಿಸುತ್ತದೆ. ಹಾಗೆಂದು ಪ್ರಯಾಣಕ್ಕೆಂದು ಬಿಡುವಂತಿಲ್ಲ, ಹೊರಡುವ ಮೊದಲು ವೈದ್ಯರನ್ನು ಕೇಳಬೇಕು. ಮೂತ್ರ ಹೆಚ್ಚಿಸುವ ಗುಳಿಗೆಯನ್ನಾಗಲಿ ಆಸ್ಪಿರಿನ್ನನ್ನಾಗಲಿ ನೆರೆಯವರ ಮಾತು ಕೇಳಿ ನುಂಗುವುದು ಸಲ್ಲದು. ನಿದ್ರೆಯ ಗುಳಿಗೆ ಇನ್ನೂ ಕೆಟ್ಟದ್ದು, ಅಲುಗಾಡದೆ ಎಂಟು ತಾಸು ಬೀಳಿಸುತ್ತದೆ. ಮದ್ಯವೂ ಹಾಗೆಯೇ. ಹಿಂದೆ ಹೆಪ್ಪುಗಟ್ಟಿದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಕ್ಯಾನ್ಸರಿನವರು, ಗರ್ಭಿಣಿಯರು, ಬಾಣಂತಿಯರು ವೈದ್ಯರ ಸಲಹೆಯಿಲ್ಲದೆ ದೀರ್ಘ ಪ್ರಯಾಣಕ್ಕೆ ಹೊರಡಬಾರದು. ಈ ಹೆಪ್ಪು ಮುದುಕರಿಗೆ ಮಾತ್ರ ಬರುವುದೆಂದು ತಿಳಿಯಬೇಡಿ. 2000ದಲ್ಲಿ ಆಸ್ಟ್ರೇಲಿಯದಿಂದ ಲಂಡನ್ನಿಗೆ ಬಂದಿಳಿದ ಇಪ್ಪತ್ತೆಂಟು ವರ್ಷದ ಯುವತಿಯೊಬ್ಬಳು ವಿಮಾನ ನಿಲ್ದಾಣದಲ್ಲಿಯೇ ಕುಸಿದು ತೀರಿಕೊಂಡಾಗ ಜಗತ್ತಿನ ಪತ್ರಿಕೆಗಳೆಲ್ಲ ಇದನ್ನು ಬರೆದವು.

ಊರು ಮುಟ್ಟಿದೊಡನೆ ಹಾಸಿಗೆಗೆ ಬೀಳದೆ ಮನೆಯ ಒಳಗೇ ಹತ್ತು ಸುತ್ತು ಅಡ್ಡಾಡಿ, ಹೊಟ್ಟೆತುಂಬ ನೀರು ಕುಡಿದು, ಮಲಗುವಾಗ ಕಾಲ ಕೆಳಗೆ ಎರಡು ದಿಂಬು ಇಟ್ಟುಕೊಂಡರೆ ಸಾಮಾನ್ಯವಾಗಿ ಮರುದಿನ ಬೆಳಿಗ್ಗೆ ಹರಡಿನ ಎಲುಬು ಮತ್ತೆ ಕಣ್ಣಿಗೆ ಬೀಳುತ್ತದೆ. ಎರಡೂ ಕಾಲು ಸಮನಾಗಿ ಬಾತು, ನೋವಿಲ್ಲದೆ ಇಳಿಯುತ್ತ ಬಂದರೆ ಚಿಂತೆಯಿಲ್ಲ. ಒಂದೇ ಕಾಲು ಬಾತಿದ್ದರೆ, ಮೀನಖಂಡ ನೋಯುತ್ತಿದ್ದರೆ, ಕೆಂಪಾಗಿ ಬಿಸಿಯಾಗಿದ್ದರೆ, ಅದನ್ನು ತಿಕ್ಕಬಾರದು, ಕಾವು ಕೊಡುತ್ತ ಕೂರಬಾರದು, ಅದೇ ದಿನ ವೈದ್ಯರಿಗೆ ತೋರಿಸಬೇಕು. ಒಮ್ಮೆಲೇ ಉಸಿರು ಕಟ್ಟಿದಂತಾದರೆ, ಎದೆಯಲ್ಲಿ ಇರಿದಂತಾದರೆ, ಆ ಗಳಿಗೆಯಲ್ಲೇ ಆಸ್ಪತ್ರೆ. ಪ್ರಯಾಣ ಮುಗಿದು ಕೆಲವು ವಾರಗಳವರೆಗೂ ಇದು ಬರಬಹುದು. ವಿಮಾನ ಇಳಿದು ಬಹಳ ದಿನವಾಯಿತಲ್ಲ ಎಂದು ಸುಮ್ಮನಿರುವಂತಿಲ್ಲ.

ಮಕ್ಕಳೂ ಒಂದು ಕೆಲಸ ಮಾಡಬಹುದು. ಅವ್ವ ಬಂದಿಳಿದಾಗ “ಕಾಲ ನೋಯ್ತಾವೇನು?” ಎಂದು ಕೇಳಿದರೆ “ಇಲ್ಲ” ಎಂಬ ಉತ್ತರವೇ ಬರುತ್ತದೆ, ಅದನ್ನು ಬರೆದಿಟ್ಟುಕೊಳ್ಳಬಹುದು. ಅದರ ಬದಲು ಅವರನ್ನು ಕೂರಿಸಿ, ಸೀರೆಯ ಅಂಚನ್ನು ತುಸು ಸರಿಸಿ, ಎರಡೂ ಹರಡುಗಳನ್ನು ಅಕ್ಕಪಕ್ಕ ಇಟ್ಟು ತಾವೇ ನೋಡಬೇಕು. ಮರುದಿನವೂ, ಅದರ ಮರುದಿನವೂ.